ಮೊದಲ ಹತ್ತು ವಯಲ್ ಎಲ್ಲಿ ಹಾಕಬೇಕು? ಗದಗ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರ ಹಾವು ಕಡಿತ ಪ್ರಕರಣ

ಇದು ತರಬೇತಿಗಾಗಿ ಹೆಣೆದ ಪ್ರಕರಣ. ವಯಲ್ ಎಂದರೆ ಔಷಧದ ಪುಟ್ಟ ಸೀಸೆ. ಇಲ್ಲಿ ಅದರಲ್ಲಿರುವುದು ಎಎಸ್‌ವಿ, ಎಂದರೆ ಹಾವಿನ ವಿಷಕ್ಕೆ ಪ್ರತಿವಿಷ. ಅದರ ಪೂರ್ತಿ ಮೊದಲ ಡೋಸ್ ಹತ್ತು ವಯಲ್. ರೋಗಿ, ಆಸ್ಪತ್ರೆ, ಸಿಬ್ಬಂದಿ ಯಾರೂ ನಿಜವಾದ ಒಬ್ಬರಲ್ಲ. ಇಲ್ಲಿನ ವೇಳೆ, ದಾಸ್ತಾನಿನ ಲೆಕ್ಕ ಕಲ್ಪಿತ. ಚಿಕಿತ್ಸೆಯ ಪ್ರಮಾಣಗಳು, ಕಾನೂನು, ಅಧ್ಯಯನದ ಅಂಕಿಗಳು ನಿಜವಾದವು. ಇಲ್ಲಿ ನಡೆಯುವ ಒಂದೊಂದು ತಪ್ಪೂ ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿ ಮಾಡಿದವರಿಗೆ ಹೊಸದೇನಲ್ಲ.

ಆ ಸಂಜೆ

ಜುಲೈ ತಿಂಗಳು, ಸಂಜೆ 5.15. ಕಪ್ಪತಗುಡ್ಡದ ಸೆರಗಿನ ಹಳ್ಳಿಯೊಂದರಲ್ಲಿ ಶೇಂಗಾ ಹೊಲದ ಕಸ ತೆಗೆಯುತ್ತಿದ್ದ 38 ವರ್ಷದ ಹೆಣ್ಣುಮಗಳಿಗೆ ಬಲಗಾಲ ಹರಡಿನ ಹತ್ತಿರ ಮಂಡಲದ ಹಾವು ಕಚ್ಚುತ್ತದೆ. ಮನೆಯವರು ಸೀರೆಯ ಅಂಚು ಹರಿದು ಮೊಣಕಾಲ ಕೆಳಗೆ ಬಿಗಿಯಾಗಿ ಕಟ್ಟುತ್ತಾರೆ. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಮೊದಲು ಹೋಗುವುದು ಪಕ್ಕದ ಊರಿನಲ್ಲಿ ಮದ್ದು ಕೊಡುವವರ ಮನೆಗೆ, ಅಲ್ಲಿಂದ ತಾಲ್ಲೂಕು ಆಸ್ಪತ್ರೆಗೆ. ತಲುಪಿದಾಗ 6.40.

"ಡಾಕ್ಟರ್ ಸಾಹೇಬ್ರ, ಹುಳ ಮುಟ್ಟೇತ್ರಿ, ಲಗೂನ ನೋಡ್ರಿ."

ಪಾಳಿಯಲ್ಲಿದ್ದದ್ದು ಗುತ್ತಿಗೆಯ ಮೇಲಿದ್ದ ಎಂಬಿಬಿಎಸ್ ವೈದ್ಯ, ಒಬ್ಬ ಶುಶ್ರೂಷಾಧಿಕಾರಿ, ಒಬ್ಬ ಡಿ ದರ್ಜೆ ನೌಕರ. ಧನುರ್ವಾಯು ತಡೆಯುವ ಟಿಟಿ ಚುಚ್ಚುಮದ್ದು, ಅಲರ್ಜಿ ತಗ್ಗಿಸುವ ಹೈಡ್ರೋಕಾರ್ಟಿಸೋನ್, ಎವಿಲ್ ಕೊಟ್ಟರು. ಎಎಸ್‌ವಿಯನ್ನು ಚರ್ಮದಡಿ ಒಂದಿಷ್ಟು ಚುಚ್ಚಿ ಅಲರ್ಜಿ ಪರೀಕ್ಷೆ ಮಾಡಿ ಕಾಲು ಗಂಟೆ ಕಾದರು. 7.15ಕ್ಕೆ ಎರಡು ವಯಲ್ ಎಎಸ್‌ವಿಯನ್ನು ಅರ್ಧ ಲೀಟರ್ ಸಲೈನ್‌ಗೆ ಬೆರೆಸಿ ನಿಧಾನವಾಗಿ ಹನಿಯಲು ಬಿಟ್ಟರು. 7.30ಕ್ಕೆ "ಉನ್ನತ ಚಿಕಿತ್ಸೆಗಾಗಿ" ಎಂದು ರೆಫರಲ್ ಚೀಟಿ ಬರೆದಾಯಿತು. 108 ವಾಹನ ಹೆರಿಗೆ ಕೇಸೊಂದನ್ನು ಒಯ್ದಿತ್ತು. ಅದು ಮರಳಿ ಬಂದು ಹೊರಟಾಗ 8.10. ಜಿಲ್ಲಾ ಕೇಂದ್ರ ಮುಟ್ಟಿದ್ದು 9.20ಕ್ಕೆ. ಅಷ್ಟರಲ್ಲಿ ವಸಡಿನಿಂದ ರಕ್ತ ಜಿನುಗುತ್ತಿತ್ತು, ಬಾವು ಮೊಣಕಾಲು ದಾಟಿತ್ತು. ಪೂರ್ತಿ ಮೊದಲ ಡೋಸ್ ಶುರುವಾಗಿದ್ದು 9.50ಕ್ಕೆ, ಎಂದರೆ ಕಚ್ಚಿದ 4 ಗಂಟೆ 35 ನಿಮಿಷಕ್ಕೆ, ತಾಲ್ಲೂಕು ಆಸ್ಪತ್ರೆಯ ಬಾಗಿಲು ತುಳಿದ 3 ಗಂಟೆ 10 ನಿಮಿಷಕ್ಕೆ. ಎರಡನೇ ದಿನ ಮೂತ್ರ ನಿಂತಿತು. ಹುಬ್ಬಳ್ಳಿಯ ಬೋಧನಾ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಂಡು ಹತ್ತೊಂಬತ್ತನೇ ದಿನ ಮನೆಗೆ ಬಂದರು. ಜೀವ ಉಳಿಯಿತು. ಮುಂಗಾರಿನ ಕೂಲಿ ಪೂರ್ತಿ ಹೋಗಿ ಮೇಲೆ ಸಾಲವಾಯಿತು.

ಆ ಸಂಜೆ ತಾಲ್ಲೂಕು ಆಸ್ಪತ್ರೆಯ ಔಷಧ ಉಗ್ರಾಣದಲ್ಲಿ 34 ವಯಲ್ ಎಎಸ್‌ವಿ ಇತ್ತು.

ಔಷಧ ಇತ್ತು, ಕೈ ಯಾಕೆ ಬರಲಿಲ್ಲ?

ಇಂಥ ಸಂದರ್ಭದಲ್ಲಿ ರೂಢಿಯ ದಾರಿ ಎಂದರೆ ಪಾಳಿ ವೈದ್ಯನಿಗೆ ಕಾರಣ ಕೇಳಿ ನೋಟಿಸ್ ಕೊಡುವುದು. ಆತ ಎರಡು ಸಾಲಿನ ಉತ್ತರ ಬರೆಯುತ್ತಾನೆ, ಕಡತ ಮುಚ್ಚುತ್ತದೆ, ಮುಂದಿನ ರೋಗಿಗೂ ಅದೇ ಎರಡು ವಯಲ್. ಈ ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿ ಎಂಡಿ ಮಾಡಿದ ಫಿಜಿಷಿಯನ್. ಅವರು ನೋಟಿಸ್ ಬರೆಯಲಿಲ್ಲ. ಮರುದಿನ ಪಾಳಿಯ ಮೂವರನ್ನೂ ಕೂರಿಸಿಕೊಂಡು 6.40ರಿಂದ 8.10ರವರೆಗಿನ ಒಂದೊಂದು ನಿಮಿಷವನ್ನೂ ಕಾಗದಕ್ಕೆ ಇಳಿಸಿದರು. ಆಗ ಹೊರಬಿದ್ದದ್ದು ಇದು.

ಪಾಳಿ ವೈದ್ಯನಿಗೆ ಹತ್ತು ವಯಲ್ ಹಾಕಬೇಕೆಂದು ಗೊತ್ತಿತ್ತು. "ಮೇಡಂ, ರಿಯಾಕ್ಷನ್ ಆಗಿ ಇಲ್ಲೇ ಹೋದ್ರ ಮಂದಿ ನನ್ನ ಬಿಡ್ತಿದ್ದಿಲ್ರಿ" ಎಂದ. ಪೂರ್ತಿ ಬಿಡಲು ಮನಸ್ಸಾಗದೆ, ಪೂರ್ತಿ ಹಾಕಲು ಧೈರ್ಯ ಸಾಲದೆ ಎರಡಕ್ಕೆ ನಿಂತಿದ್ದ. ಎರಡು ವಯಲ್‌ನಿಂದ ವಿಷ ತಟಸ್ಥವಾಗುವುದಿಲ್ಲ, ಅಲರ್ಜಿಯ ಅಪಾಯವೂ ತಪ್ಪುವುದಿಲ್ಲ. ಎರಡೂ ಕಡೆಯ ನಷ್ಟ ಒಟ್ಟಿಗೆ ಕೊಳ್ಳುವ ವ್ಯವಹಾರ ಅದು. ಚರ್ಮದ ಪರೀಕ್ಷೆಯಂತೂ ಕಾಲಹರಣ. ಯಾರಿಗೆ ರಿಯಾಕ್ಷನ್ ಆಗುತ್ತದೆಂದು ಅದು ಹೇಳುವುದಿಲ್ಲ, ಬೇಡವೆಂದು ರಾಷ್ಟ್ರೀಯ ಮಾರ್ಗಸೂಚಿಯಲ್ಲೇ ಇದೆ. ಆದರೂ ಹಿರಿಯರು ಮಾಡುತ್ತಿದ್ದರೆಂದು ಕಿರಿಯರು ಮಾಡುತ್ತಾರೆ.

ಇನ್ನು ಉಗ್ರಾಣದ ಕೀಲಿ. ಸಂಜೆ ಆರರ ನಂತರ ಅದು ಫಾರ್ಮಸಿ ಅಧಿಕಾರಿಯ ಮನೆಯಲ್ಲಿ. ತುರ್ತು ಕೋಣೆಯ ಕಪಾಟಿನಲ್ಲಿ ಇಟ್ಟಿದ್ದದ್ದು ನಾಲ್ಕೇ ವಯಲ್. ತೀವ್ರ ಅಲರ್ಜಿಗೆ ಕೊಡಬೇಕಾದ ಅಡ್ರಿನಾಲಿನ್ ಇತ್ತು, ಆದರೆ ಮಕ್ಕಳ ವಾರ್ಡಿನ ಟ್ರೇಯಲ್ಲಿ.

ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು ನೋಡಿರಲೇ ಇಲ್ಲ. ಕೇಳಿದರೆ, "ಲ್ಯಾಬ್ ಮುಚ್ಚಿತ್ತು." ಈ ಪರೀಕ್ಷೆಗೆ ಲ್ಯಾಬೇ ಬೇಕಾಗಿಲ್ಲ.

ಇಪ್ಪತ್ತು ನಿಮಿಷದ ಪರೀಕ್ಷೆ

ಇಡೀ ಪ್ರಕರಣದಲ್ಲಿ ಅತಿ ಅಗ್ಗದ, ಅತಿ ಹೆಚ್ಚು ಕೆಡಿಸುವ ಹಂತ ಇದೇ ಆದ್ದರಿಂದ ಸ್ವಲ್ಪ ನಿಂತು ನೋಡಬೇಕು. ಹೊಸ, ಒಣಗಿದ, ಗಾಜಿನ ಟೆಸ್ಟ್ ಟ್ಯೂಬ್‌ಗೆ ರಕ್ತನಾಳದಿಂದ ತೆಗೆದ 2 ಮಿಲಿ ರಕ್ತ ಹಾಕಬೇಕು. ಕೋಣೆಯ ಉಷ್ಣಾಂಶದಲ್ಲಿ ನೆಟ್ಟಗೆ ನಿಲ್ಲಿಸಿ 20 ನಿಮಿಷ ಮುಟ್ಟಬಾರದು. ಗಡಿಯಾರ ನೋಡಿ, ಒಂದೇ ಸಲ ಓರೆ ಮಾಡಬೇಕು. ರಕ್ತ ಇನ್ನೂ ಹರಿದರೆ ವಿಷವು ಹೆಪ್ಪುಗಟ್ಟುವ ಅಂಶಗಳನ್ನು ತಿಂದುಹಾಕಿದೆ ಎಂದರ್ಥ. ನಮ್ಮ ಕಡೆ ಹಾಗೆ ಮಾಡುವವು ಮಂಡಲದ ಹಾವು ಮತ್ತು ಗರಗಸ ಮಂಡಲ. ಎಎಸ್‌ವಿ ಶುರುಮಾಡಲು ಇಷ್ಟು ಸಾಕು.

ಕೆಡುವುದು ಹೀಗೆ. ಪ್ಲಾಸ್ಟಿಕ್ ಟ್ಯೂಬಿನಲ್ಲಿ ಹಾಕಿದರೆ ಗಾಜಿನ ಮೇಲ್ಮೈಯಿಂದ ಸಿಗಬೇಕಾದ ಪ್ರಚೋದನೆ ಸಿಗದೆ ಆರೋಗ್ಯವಂತರ ರಕ್ತವೂ ತಡವಾಗಿ ಹೆಪ್ಪುಗಟ್ಟುತ್ತದೆ. ಸೋಪಿನ ಪುಡಿಯಿಂದ ತೊಳೆದ ಗಾಜಾದರೂ ಅದೇ ತಪ್ಪು ಫಲ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇರುವುದೇ ರಕ್ತ ಗಟ್ಟಿಯಾಗದಂತೆ ತಡೆಯುವ ರಾಸಾಯನಿಕ. ಅವಸರದಲ್ಲಿ ಅದನ್ನೇ ಬಳಸಿ "ಹೆಪ್ಪುಗಟ್ಟಿಲ್ಲ" ಎಂದು ಬರೆಯುವುದುಂಟು. ಐದೈದು ನಿಮಿಷಕ್ಕೆ ಎತ್ತಿ ಅಲುಗಾಡಿಸಿ ನೋಡುವ ಚಟ ಇನ್ನೊಂದು. ಇದನ್ನೆಲ್ಲ ತಡೆಯಲು ಪಕ್ಕದಲ್ಲೇ ಸಿಬ್ಬಂದಿಯೊಬ್ಬರ 2 ಮಿಲಿ ರಕ್ತವನ್ನು ಅಂಥದೇ ಟ್ಯೂಬಿನಲ್ಲಿ ಇಡಬೇಕು. ಅದೂ ಹೆಪ್ಪುಗಟ್ಟದಿದ್ದರೆ ದೋಷ ಟ್ಯೂಬಿನದು.

ಮೊದಲ ಸಲ ಹೆಪ್ಪುಗಟ್ಟಿತೆಂದು ಮನೆಗೆ ಕಳಿಸುವಂತಿಲ್ಲ. ಮೊದಲ ಮೂರು ಗಂಟೆ ಗಂಟೆಗೊಮ್ಮೆ, ಆಮೇಲೆ ಆರು ಗಂಟೆಗೊಮ್ಮೆ, ಒಟ್ಟು 24 ಗಂಟೆ ನೋಡಬೇಕು. ಎಎಸ್‌ವಿ ಕೊಟ್ಟ ಮೇಲಾದರೆ ಮರುಪರೀಕ್ಷೆ ಆರು ಗಂಟೆಗೆ. ಅದಕ್ಕೂ ಮುಂಚೆ ನೋಡಿ ಗಾಬರಿಯಾಗಿ ಮತ್ತಷ್ಟು ವಯಲ್ ಸುರಿಯುವುದು ವ್ಯರ್ಥ. ವಿಷ ತಟಸ್ಥವಾದರೂ ಯಕೃತ್ತು ಹೆಪ್ಪುಗಟ್ಟುವ ಅಂಶಗಳನ್ನು ಮತ್ತೆ ತಯಾರಿಸಲು ಅಷ್ಟು ಹೊತ್ತು ಬೇಕು.

ಡಬ್ಬಿ, ಆದೇಶ, ಫೋನ್

ಆಡಳಿತ ವೈದ್ಯಾಧಿಕಾರಿ ಮಾಡಿದ ಮೊದಲ ಕೆಲಸ ಒಂದು ಪುಟದ ಲಿಖಿತ ಆದೇಶ. ವಿಷದ ಲಕ್ಷಣ ಕಂಡ ರೋಗಿಗೆ ಮೊದಲ ಹತ್ತು ವಯಲ್ ಈ ಆಸ್ಪತ್ರೆಯಲ್ಲೇ ಶುರುವಾಗಬೇಕು, ಅದಿಲ್ಲದೆ ರೆಫರ್ ಮಾಡುವಂತಿಲ್ಲ. ಲಕ್ಷಣಗಳು ಯಾವುವು: ರಕ್ತ ಹೆಪ್ಪುಗಟ್ಟದಿರುವುದು, ಎಲ್ಲಿಂದಾದರೂ ತಾನಾಗಿ ರಕ್ತ ಬರುವುದು, ರೆಪ್ಪೆ ಜೋಲುವುದು, ನುಂಗಲು ಅಥವಾ ಉಸಿರಾಡಲು ತ್ರಾಸು, ಕಟ್ಟು ಹಾಕಿರದಿದ್ದರೂ ಅರ್ಧ ಕಾಲಿಗಿಂತ ಹೆಚ್ಚು ಬಾವು. ಬರೀ ಹಲ್ಲಿನ ಗುರುತಿದ್ದು ಇವ್ಯಾವೂ ಇಲ್ಲದಿದ್ದರೆ ಎಎಸ್‌ವಿ ಬೇಡ, ನಿಗಾ ಸಾಕು. ವಿಷವಿಲ್ಲದ ಹಾವು ಕಚ್ಚಿರಬಹುದು, ವಿಷದ ಹಾವೂ ವಿಷ ಬಿಡದೆ ಕಚ್ಚುವುದುಂಟು. ಆದೇಶದ ಕೊನೆಯ ಸಾಲು ಮುಖ್ಯ: "ಈ ಆದೇಶದಂತೆ ಕೊಟ್ಟ ಚಿಕಿತ್ಸೆಯ ಹೊಣೆ ಆಡಳಿತ ವೈದ್ಯಾಧಿಕಾರಿಯದು." ಕೆಳಗೆ ಸಹಿ, ಮೊಹರು.

ಆ ಸಾಲಿನ ಮೇಲೆ ಆಸ್ಪತ್ರೆಯೊಳಗೇ ಜಗ್ಗಾಟ ನಡೆಯಿತು. ನಾಳೆ ಕೋರ್ಟಿಗೆ ಹೋದರೆ ನಿಮ್ಮ ಕೊರಳಿಗೇ ಬರುತ್ತದೆ ಎಂದು ಹಿರಿಯ ಸಹೋದ್ಯೋಗಿಗಳು ತಿಳಿಹೇಳಿದರು. ನಮ್ಮ ಅಭಿಪ್ರಾಯದಲ್ಲಿ ಈ ಪ್ರಕರಣದ ತಿರುವು ಇದೇ ಸಾಲು. ಮಾರ್ಗಸೂಚಿ ಗೋಡೆಯ ಮೇಲೆ ಮೊದಲೂ ಇತ್ತು. ಹೆದರಿದ ಕಿರಿಯ ವೈದ್ಯನ ಹೆದರಿಕೆಯನ್ನು ಸಹಿ ಹಾಕಿ ತಮ್ಮ ಹೆಗಲಿಗೆ ವರ್ಗಾಯಿಸಿಕೊಳ್ಳುವವರು ಇರಲಿಲ್ಲ, ಅಷ್ಟೆ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಿಂದಲೇ ಪ್ರತ್ಯೇಕ ಕಾನೂನಿದೆ. ಆದರೆ ರಾತ್ರಿ ಏಳಕ್ಕೆ ಇಪ್ಪತ್ತು ಮಂದಿ ಸುತ್ತುವರಿದಾಗ ಕಾನೂನಿಗಿಂತ ಠಾಣೆಯ ನಂಬರು, ಸಂಬಂಧಿಕರಲ್ಲಿ ಒಬ್ಬರನ್ನು ಮಾತ್ರ ಒಳಗೆ ಬಿಡುವ ಬಾಗಿಲು, ಮೊದಲ ಐದು ನಿಮಿಷದಲ್ಲೇ ಆಡುವ ನೇರ ಮಾತು ಉಪಯೋಗಕ್ಕೆ ಬರುತ್ತವೆ. ಆ ಮಾತನ್ನೂ ಅವರು ಬರೆಸಿಟ್ಟರು: "ಕಾಕಾ, ಔಷಧ ಇಲ್ಲೇ ಐತಿ, ಈಗಿಂದೀಗ ಶುರು ಮಾಡ್ತೀವಿ. ಹತ್ತರಾಗ ಕೆಲವರಿಗೆ ಮೈ ತುರಸ್ತದ, ನಡುಕ ಬರ್ತದ, ಬಿಪಿ ಇಳೀತದ. ಅದಕ್ಕ ಬೇಕಾದ ಇಂಜೆಕ್ಷನ್ ತುಂಬಿ ಕೈಯಾಗ ಹಿಡಕೊಂಡೀವಿ. ಹುಬ್ಬಳ್ಳಿಗೆ ಒಯ್ಯೂದು ಬಂದ್ರ ಇದು ಹಾಕಿದ ಮ್ಯಾಲೆ ಒಯ್ಯೂಣು."

ಎರಡನೆಯದು ಡಬ್ಬಿ. ಕೆಂಪು ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬಿಯೊಂದು ತುರ್ತು ಕೋಣೆಯಲ್ಲಿ, ಕೀಲಿಯಿಲ್ಲದೆ, ನಂಬರಿನ ಕಾಗದದ ಸೀಲ್ ಹಚ್ಚಿ. ಅದರೊಳಗೆ 10 ವಯಲ್ ಎಎಸ್‌ವಿ, ಕರಗಿಸಲು ಸ್ಟೆರೈಲ್ ನೀರು, ಸಲೈನ್, ರಕ್ತನಾಳಕ್ಕೆ ಹಾಕುವ 18 ಮತ್ತು 20 ಗೇಜಿನ ಕ್ಯಾನುಲಾ, ಅಡ್ರಿನಾಲಿನ್ ಆಂಪೂಲ್ ಐದು, ನರಕ್ಕೆ ತಗಲುವ ವಿಷದಲ್ಲಿ ಕೊಟ್ಟುನೋಡುವ ನಿಯೋಸ್ಟಿಗ್ಮಿನ್, ಅದರ ಜತೆ ಕೊಡುವ ಅಟ್ರೋಪಿನ್, ಗಾಜಿನ ಟೆಸ್ಟ್ ಟ್ಯೂಬ್ ಆರು, ಬಾವು ಅಳೆಯುವ ಟೇಪು, ಚರ್ಮದ ಮೇಲೆ ಬರೆಯುವ ಪೆನ್ನು, ಕೈಯಿಂದ ಒತ್ತಿ ಉಸಿರು ಕೊಡುವ ದೊಡ್ಡವರ ಮತ್ತು ಮಕ್ಕಳ ಅಂಬು ಬ್ಯಾಗ್. ಸೀಲ್ ಒಡೆದರೆ ಬೆಳಗಿನ ಪಾಳಿ ಒಂಬತ್ತಕ್ಕೆ ಮುಂಚೆ ತುಂಬಿ ಮತ್ತೆ ಹಚ್ಚಬೇಕು.

ಎಎಸ್‌ವಿ ಪುಡಿ ರೂಪದ್ದು. ವಯಲ್ಲಿಗೆ 10 ಮಿಲಿ ನೀರು ಹಾಕಿ ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಬೇಕು. ಜೋರಾಗಿ ಕುಲುಕಿದರೆ ನೊರೆ ಬಂದು ಔಷಧ ನೊರೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಒಬ್ಬರೇ ಕೂತು ಹತ್ತು ವಯಲ್ ಕರಗಿಸಿದರೆ ಬಹಳ ಹೊತ್ತು ಹಿಡಿಯುತ್ತದೆ. ಆದ್ದರಿಂದ ಡಿ ದರ್ಜೆ ನೌಕರನಿಗೂ ಉರುಳಿಸುವುದು ಕಲಿಸಲಾಯಿತು. ಸೂಜಿಯ ಕೆಲಸ ಶುಶ್ರೂಷಾಧಿಕಾರಿಯದು, ಉರುಳಿಸಲು ನಾಲ್ಕು ಕೈ. ಕರಗಿದ್ದನ್ನು ಸಲೈನ್‌ಗೆ ಬೆರೆಸಿ ಸುಮಾರು ಒಂದು ಗಂಟೆಯೊಳಗೆ ಮುಗಿಸಬೇಕು. ಮೊದಲ ಕಾಲು ಗಂಟೆ ನಿಧಾನ, ವೈದ್ಯ ಹಾಸಿಗೆ ಬಿಟ್ಟು ಕದಲುವಂತಿಲ್ಲ. ಮಗುವಿಗೂ ಹತ್ತೇ ವಯಲ್. ಹಾವು ಮಗುವೆಂದು ಕಡಿಮೆ ವಿಷ ಬಿಡುವುದಿಲ್ಲ. ಕಡಿಮೆ ಮಾಡಬೇಕಾದದ್ದು ಬೆರೆಸುವ ಸಲೈನ್ ಮಾತ್ರ.

ಬಾಟಲಿ ತೂಗುಹಾಕುವ ಮುನ್ನವೇ ಅಡ್ರಿನಾಲಿನ್ (ದೊಡ್ಡವರಿಗೆ 0.5 ಮಿಲಿ, ಮಕ್ಕಳಿಗೆ ತೂಕ ನೋಡಿ ಕಡಿಮೆ) ಸಿರಿಂಜಿನಲ್ಲಿ ತುಂಬಿ ಟ್ರೇಯಲ್ಲಿ ಇಟ್ಟಿರಬೇಕು. ತುರಿಕೆ, ದದ್ದು, ವಾಂತಿ, ಬಿಪಿ ಇಳಿತ, ಯಾವುದೇ ಕಂಡರೂ ಎಎಸ್‌ವಿ ನಿಲ್ಲಿಸಿ, ಅಡ್ರಿನಾಲಿನ್ ತೊಡೆಯ ಹೊರಭಾಗದ ಸ್ನಾಯುವಿಗೆ. ಎವಿಲ್, ಹೈಡ್ರೋಕಾರ್ಟಿಸೋನ್ ಆಮೇಲೆ. ಇವೆರಡನ್ನು ಮೊದಲೇ ಕೊಟ್ಟು "ರಕ್ಷಣೆ ಆಯಿತು" ಎಂದು ನಂಬುವುದು ಎಲ್ಲ ಕಡೆ ಕಾಣುವ ಭ್ರಮೆ. ರೋಗಿ ಸುಧಾರಿಸಿದ ಮೇಲೆ ಎಎಸ್‌ವಿಯನ್ನು ನಿಧಾನವಾಗಿ ಮತ್ತೆ ಶುರು ಮಾಡಬೇಕು. ರಿಯಾಕ್ಷನ್ ಆಯಿತೆಂದು ಕೈಬಿಟ್ಟರೆ ವಿಷ ಹಾಗೇ ಉಳಿಯುತ್ತದೆ.

ಮನೆಯವರು ಕಟ್ಟಿದ ಸೀರೆಯ ಅಂಚನ್ನು ಬಂದ ತಕ್ಷಣ ಕತ್ತರಿಸಬಾರದು. ಕಟ್ಟು ಬಿಟ್ಟೊಡನೆ ತಡೆದಿದ್ದ ವಿಷ ಒಮ್ಮೆಲೇ ಮೇಲೇರಬಹುದು. ಕ್ಯಾನುಲಾ ಹಾಕಿ, ಎಎಸ್‌ವಿ ಸಿದ್ಧಮಾಡಿಕೊಂಡು, ವೈದ್ಯ ಎದುರಿಗಿದ್ದಾಗ ಮೆಲ್ಲಗೆ ಸಡಿಲಿಸಬೇಕು. ಕಾಲುಂಗುರ, ಗೆಜ್ಜೆಗಳನ್ನು ಮಾತ್ರ ಮೊದಲೇ ತೆಗೆಸಬೇಕು, ಬಾವು ಏರಿದ ಮೇಲೆ ಬರುವುದಿಲ್ಲ.

ಫೋನಿನ ವಿಷಯ ಚಿಕ್ಕದು. ಹುಬ್ಬಳ್ಳಿಯ ಬೋಧನಾ ಆಸ್ಪತ್ರೆಯ ಮೆಡಿಸಿನ್ ವಿಭಾಗದ ಪಾಳಿ ವೈದ್ಯರ ನಂಬರನ್ನು ಡಬ್ಬಿಯ ಮುಚ್ಚಳಕ್ಕೆ ಅಂಟಿಸಲಾಯಿತು. ವ್ಯಕ್ತಿಯ ನಂಬರು ಹಾಕಿದರೆ ಆರು ತಿಂಗಳಿಗೆ ಸತ್ತುಹೋಗುತ್ತದೆ, ವಿಭಾಗದ ನಂಬರೇ ಬೇಕು.

ಹತ್ತು ಇಲ್ಲದಲ್ಲಿ ಒಂದೂ ಬೇಡ

ತಾಲ್ಲೂಕಿನ ಆರು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತಲಾ ನಾಲ್ಕು ವಯಲ್ ಹಂಚಿಟ್ಟಿದ್ದರು. ಕಾಗದದ ಮೇಲೆ ಸಮಾನ ಹಂಚಿಕೆ. ನಾಲ್ಕರಿಂದ ಯಾರಿಗೂ ಮೊದಲ ಡೋಸ್ ಆಗುವುದಿಲ್ಲ, ಆದ್ದರಿಂದ ಯಾರೂ ಒಡೆಯಲಿಲ್ಲ, ಅವಧಿ ಮುಗಿಯುತ್ತ ಬಂದಿತ್ತು. ತಾಲ್ಲೂಕು ಆರೋಗ್ಯಾಧಿಕಾರಿಯ ಜತೆ ಕೂತು ಆ 24 ವಯಲ್‌ಗಳನ್ನು ಮರಳಿ ತರಿಸಿ, 24 ಗಂಟೆಯೂ ತೆರೆದಿರುವ, ತಾಲ್ಲೂಕು ಊರಿನಿಂದ ದೂರದ ಎರಡು ಕೇಂದ್ರಗಳಿಗೆ ತಲಾ ಹತ್ತರಂತೆ ಕೊಟ್ಟರು. ಉಳಿದ ನಾಲ್ಕು ಕೇಂದ್ರಗಳು ಪ್ರಥಮ ಚಿಕಿತ್ಸೆ ಮಾಡಿ ವಾಹನ ಹತ್ತಿಸಿದರೆ ಸಾಕು: ಮುರಿದ ಕಾಲಿಗೆ ಕಟ್ಟುವಂತೆ ದಬ್ಬೆ ಕಟ್ಟಿ ಅಲುಗದಂತೆ ಮಾಡುವುದು, ಕೊಯ್ಯದಿರುವುದು, ಹೀರದಿರುವುದು, ನಡೆಸದಿರುವುದು, ಕಚ್ಚಿದ ವೇಳೆ ಬರೆದು ಕಳಿಸುವುದು. "ನಮ್ಮ ಊರಿನ ಔಷಧ ಕಸಗೊಂಡ್ರು" ಎಂದು ಒಂದು ಪಂಚಾಯಿತಿಯಿಂದ ದೂರು ಬಂತು. ಹಳ್ಳಿಯವರಿಗೆ ಲೆಕ್ಕ ಬಿಡಿಸಿ ಹೇಳುವ ಕೆಲಸವೂ ವೈದ್ಯಾಧಿಕಾರಿಯದೇ ಆಯಿತು.

ತಾಲ್ಲೂಕು ಆಸ್ಪತ್ರೆಯ ಕನಿಷ್ಠ ದಾಸ್ತಾನು ಜೂನ್‌ನಿಂದ ಅಕ್ಟೋಬರ್‌ವರೆಗೆ 50 ವಯಲ್, ಉಳಿದ ತಿಂಗಳು 30 ಎಂದು ಗೊತ್ತುಮಾಡಿದರು. ಮುಂಗಾರಿನ ಕಸ ತೆಗೆಯುವುದು, ಹೆಸರು ಬಿಡಿಸುವುದು, ಶೇಂಗಾ ಕೀಳುವುದು, ಮೇವಿನ ಬಣವೆ ಒಟ್ಟುವುದು ಎಲ್ಲವೂ ಆ ಐದು ತಿಂಗಳಲ್ಲೇ. ಬೇಡಿಕೆ ಪಟ್ಟಿಯನ್ನು ಏಪ್ರಿಲ್‌ನಲ್ಲೇ ಕಳಿಸದಿದ್ದರೆ ಜುಲೈಗೆ ಸರಕು ಬರುವುದಿಲ್ಲ. ಕಳೆದ ವರ್ಷದ ಬಳಕೆ ನೋಡಿ ಬೇಡಿಕೆ ಬರೆಯುವ ಪದ್ಧತಿಯಲ್ಲಿ ಇನ್ನೊಂದು ತೊಡಕಿದೆ. ಎರಡೆರಡು ವಯಲ್ ಹಾಕಿ ರೆಫರ್ ಮಾಡಿದ ವರ್ಷದ ಬಳಕೆ ಕಡಿಮೆ, ಆ ಲೆಕ್ಕಕ್ಕೆ ಮುಂದಿನ ವರ್ಷ ಬರುವುದೂ ಕಡಿಮೆ.

ಮದ್ದು ಕೊಡುವವರ ಜತೆ ಜಗಳ ಕಾಯಲಿಲ್ಲ. ಆಶಾ ಕಾರ್ಯಕರ್ತೆಯರ ಮೂಲಕ ಅವರ ಪಟ್ಟಿ ಮಾಡಿ, ಒಂದೇ ಬೇಡಿಕೆ ಇಟ್ಟರು: ನೀವು ಏನು ಮಾಡುವುದಿದ್ದರೂ ವಾಹನ ಬರುವವರೆಗೆ ಮಾಡಿ, ವಾಹನಕ್ಕೆ ಫೋನ್ ಮಾತ್ರ ಮೊದಲು ಮಾಡಿ. ಕೆಲವರು ಒಪ್ಪಿದರು, ಕೆಲವರು ಬಾಗಿಲೂ ತೆರೆಯಲಿಲ್ಲ.

ನಸುಕಿನ ಹೊಟ್ಟೆನೋವು

ಆಗಸ್ಟ್‌ನಲ್ಲಿ ಹೊಸ ಪದ್ಧತಿಯೇ ಎಡವಿದ ಘಟನೆ ಇದು. ನೆಲದ ಮೇಲೆ ಮಲಗಿದ್ದ ಒಂಬತ್ತು ವರ್ಷದ ಹುಡುಗ ನಸುಕಿನ ನಾಲ್ಕಕ್ಕೆ ಹೊಟ್ಟೆನೋವೆಂದು ಎದ್ದ. ಐದಕ್ಕೆ ಆಸ್ಪತ್ರೆಗೆ ತಂದರು. ಹಲ್ಲಿನ ಗುರುತಿಲ್ಲ, ಬಾವಿಲ್ಲ, ಹಾವು ಕಂಡವರಿಲ್ಲ. ಗ್ಯಾಸ್ಟ್ರಿಕ್ ಇಂಜೆಕ್ಷನ್ ಕೊಟ್ಟು ಹೊರಗಿನ ಬೆಂಚಿನ ಮೇಲೆ ಮಲಗಿಸಿದರು. ಆರಕ್ಕೆ ತಾಯಿಯೇ ಬಂದು, "ಸಿಸ್ಟರ್, ಕಣ್ಣು ತಗಿಯಾಕ ಆಗವಲ್ದು ನೋಡ್ರಿ" ಎಂದಾಗ ಎಲ್ಲರೂ ಎದ್ದರು. ಅದು ಕಟ್ಟುಹಾವಿನ ಕಡಿತ. ರಾತ್ರಿ ಹಾಸಿಗೆಗೆ ಬರುವ, ನೋವಿಲ್ಲದಂತೆ ಕಚ್ಚುವ, ಉಸಿರಾಟದ ಸ್ನಾಯುಗಳನ್ನು ಸ್ತಬ್ಧಗೊಳಿಸುವ ಹಾವು.

ಡಬ್ಬಿ ಒಡೆಯಲಾಯಿತು, ಹತ್ತು ವಯಲ್ ಹೋಯಿತು. ಅಟ್ರೋಪಿನ್ ಜತೆ ನಿಯೋಸ್ಟಿಗ್ಮಿನ್ ಕೊಟ್ಟು ನೋಡಿದರು, ರೆಪ್ಪೆ ಏಳಲಿಲ್ಲ. ನಾಗರಹಾವಿನ ವಿಷ ಕೂಡುವುದು ಸ್ನಾಯುವಿನ ಕಡೆಯ ಗ್ರಾಹಕಗಳಿಗೆ, ಅಲ್ಲಿ ಈ ಔಷಧ ಕೆಲಸ ಮಾಡುತ್ತದೆ. ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳುಮಾಡುವುದರಿಂದ ಅಲ್ಲಿ ನಿರೀಕ್ಷೆ ಇಟ್ಟುಕೊಳ್ಳಬಾರದು. ಆಗಿರುವ ಹಾನಿಯನ್ನು ಎಎಸ್‌ವಿಯೂ ಹಿಂದೆ ತರುವುದಿಲ್ಲ. ಉಳಿಸುವುದು ಉಸಿರು. ಅರಿವಳಿಕೆ ತಜ್ಞರು ಕೊಳವೆ ಹಾಕಿದರು. ಹುಬ್ಬಳ್ಳಿಯವರೆಗೆ ಆಂಬುಲೆನ್ಸಿನಲ್ಲಿ ಇಬ್ಬರು ಸರದಿಯಂತೆ ಅಂಬು ಬ್ಯಾಗ್ ಒತ್ತಿದರು. ವೆಂಟಿಲೇಟರ್ ಮೇಲಿದ್ದ ಹುಡುಗ ಐದನೇ ದಿನಕ್ಕೆ ಸ್ವಂತ ಉಸಿರಾಡಿದ.

ಲಿಖಿತ ಆದೇಶಕ್ಕೆ ಮರುದಿನವೇ ಒಂದು ಸಾಲು ಸೇರಿತು: ನೆಲದ ಮೇಲೆ ಮಲಗಿದವರಿಗೆ ರಾತ್ರಿ ಅಥವಾ ನಸುಕಿನಲ್ಲಿ ಕಾರಣವಿಲ್ಲದ ಹೊಟ್ಟೆನೋವು, ವಾಂತಿ, ಗಂಟಲು ಬಿಗಿತ ಬಂದರೆ ಹಾವು ಕಡಿತವೆಂದೇ ನಿಗಾದಲ್ಲಿಟ್ಟು, ಅರ್ಧ ಗಂಟೆಗೊಮ್ಮೆ ಮೇಲೆ ನೋಡಿಸಿ ರೆಪ್ಪೆ ಪರೀಕ್ಷಿಸಿ. ಆಶಾ ಕಾರ್ಯಕರ್ತೆಯರ ಸಭೆಯಲ್ಲಿ ಮಂಚ, ಹಾಸಿಗೆಯಡಿ ಸಿಕ್ಕಿಸಿದ ಸೊಳ್ಳೆ ಪರದೆಯ ಮಾತು ಬಂತು. ಕಟ್ಟುಹಾವನ್ನು ತಡೆಯುವಲ್ಲಿ ಪರದೆಗಿಂತ ಅಗ್ಗದ ಉಪಾಯ ಇಲ್ಲ.

ಜಿನೀವಾದಿಂದ ಜನರಲ್ ವಾರ್ಡಿಗೆ

ಈ ತಾಲ್ಲೂಕಿನ ರಿಜಿಸ್ಟರಿಗೂ ಜಾಗತಿಕ ಆರೋಗ್ಯ ನೀತಿಗೂ ಏನು ನಂಟು ಎಂದು ಕೇಳುವವರಿಗೆ ಸ್ವಲ್ಪ ಹಿನ್ನೆಲೆ. ಹಾವು ಕಡಿತ ಬಹುಕಾಲ ಯಾವ ದೊಡ್ಡ ಪಟ್ಟಿಯಲ್ಲೂ ಲೆಕ್ಕಕ್ಕಿರಲಿಲ್ಲ. ಸಾಯುವವರು ಹೊಲದಲ್ಲಿ, ಮನೆಯಲ್ಲಿ ಸಾಯುತ್ತಾರೆ, ಆಸ್ಪತ್ರೆಯ ಪುಸ್ತಕದಲ್ಲಿ ಅವರಿರುವುದಿಲ್ಲ. ಭಾರತದ ಸರ್ಕಾರಿ ಅಂಕಿಗಳ ಪ್ರಕಾರ 2016ರಿಂದ 2020ರವರೆಗೆ ವರ್ಷಕ್ಕೆ ಸರಾಸರಿ ಸುಮಾರು 3 ಲಕ್ಷ ಕಡಿತ, ಸುಮಾರು 2,000 ಸಾವು. ವೈದ್ಯರಾದ ಪ್ರಭಾತ್ ಝಾ ಮುಂದಾಳತ್ವದ ಹತ್ತು ಲಕ್ಷ ಸಾವುಗಳ ಅಧ್ಯಯನ ಬೇರೆ ದಾರಿ ಹಿಡಿಯಿತು. ಸಾವಾದ ಮನೆಗೆ ಹೋಗಿ ಮನೆಯವರ ಮಾತು ದಾಖಲಿಸುವುದು, ಅದನ್ನು ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಓದಿ ಕಾರಣ ನಿರ್ಧರಿಸುವುದು. ಆ ಮಾದರಿಯಿಂದ ಇಡೀ ದೇಶಕ್ಕೆ ಅಂದಾಜು ಮಾಡಿ 2020ರಲ್ಲಿ ಪ್ರಕಟಿಸಿದ ಲೆಕ್ಕದಂತೆ 2000ದಿಂದ 2019ರ ನಡುವೆ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000. 2,000 ಎಲ್ಲಿ, 58,000 ಎಲ್ಲಿ!

ಹೊರಗೂ ಒತ್ತಡ ಹಾಕಿದವರು ಹಾಸಿಗೆಯ ಪಕ್ಕ ನಿಂತ ವೈದ್ಯರೇ. ಆಫ್ರಿಕಾಕ್ಕೆ ಬೇಕಾದ ಪ್ರತಿವಿಷವೊಂದನ್ನು ತಯಾರಿಸುವುದನ್ನು ಕಂಪನಿ ನಿಲ್ಲಿಸಿದಾಗ, ಕೊನೆಯ ದಾಸ್ತಾನು 2016ರ ಜೂನ್‌ಗೆ ಅವಧಿ ಮುಗಿಯುತ್ತದೆ ಎಂದು 2015ರಲ್ಲೇ ಕೂಗಿ ಹೇಳಿದ್ದು ಗಡಿಗಳಿಲ್ಲದ ವೈದ್ಯರ ಸಂಸ್ಥೆ ಎಂಎಸ್‌ಎಫ್. 2017ರ ಜೂನ್‌ನಲ್ಲಿ ಜಿನೀವಾದಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. 2018ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ನಿರ್ಣಯ ಅಂಗೀಕರಿಸಿತು. 2019ರಲ್ಲಿ ಬಂದ ಕಾರ್ಯತಂತ್ರದ ಗುರಿ 2030ಕ್ಕೆ ಸಾವು ಮತ್ತು ಅಂಗವೈಕಲ್ಯ ಅರ್ಧಕ್ಕಿಳಿಸುವುದು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ಮರುತಿಂಗಳೇ ಕೇಂದ್ರದ ರಾಷ್ಟ್ರೀಯ ಕ್ರಿಯಾ ಯೋಜನೆ ಬಂತು, ಅದರ ಗುರಿಯೂ 2030ಕ್ಕೆ ಅರ್ಧ. ಆ ವರ್ಷದ ನವೆಂಬರ್‌ನಲ್ಲಿ ಕೇಂದ್ರವು ಇತರ ರಾಜ್ಯಗಳಿಗೂ ಹೀಗೇ ಘೋಷಿಸಲು ಹೇಳಿತು.

ಸಣ್ಣ ಊರಿನ ವೈದ್ಯ ಚಿಕಿತ್ಸೆಯ ದಿಕ್ಕನ್ನೇ ಬದಲಿಸಬಹುದು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಮಹಾರಾಷ್ಟ್ರದ ಮಹಾಡದಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಕೆಂಪು ಚೇಳಿನ ಕಡಿತಕ್ಕೆ ಪ್ರಜೋಸಿನ್ ಬಳಸಿ, ಫಲವನ್ನು ಲ್ಯಾನ್ಸೆಟ್‌ನಂಥ ಪತ್ರಿಕೆಯಲ್ಲಿ ಬರೆದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ರಾಜ್ಯದಲ್ಲೂ ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಆರೋಗ್ಯ ಕಾರ್ಯಪಡೆ 2001ರಲ್ಲೇ ಸುಧಾರಣೆಯ ದೊಡ್ಡ ವರದಿ ಕೊಟ್ಟಿತ್ತು. ವರದಿ, ನಿರ್ಣಯಗಳಿಗೆ ಬೆಲೆ ಬರುವುದು ಪಾಳಿ ಕೋಣೆಯಲ್ಲಿ ಯಾರೋ ಅವುಗಳಿಗೆ ಸಹಿ ಹಾಕಿದಾಗ.

ವರದಿ ಮಾಡುವಾಗಿನ ತೊಡಕುಗಳು

ಕಡ್ಡಾಯ ವರದಿ ಎಂದರೆ ಸರ್ಕಾರಿ, ಖಾಸಗಿ ಎರಡೂ ಆಸ್ಪತ್ರೆಗಳು ಪ್ರಕರಣ ಮತ್ತು ಸಾವನ್ನು ರೋಗ ಸರ್ವೇಕ್ಷಣೆಯ ಪೋರ್ಟಲ್‌ಗೆ ಏರಿಸಬೇಕು. ಈ ತಾಲ್ಲೂಕಿನಲ್ಲಿ ಮೊದಲ ತಿಂಗಳಲ್ಲೇ ಮೂರು ದೋಷ ಕಂಡವು. ಒಬ್ಬನೇ ರೋಗಿ ತಾಲ್ಲೂಕಿನಲ್ಲಿ, ಗದಗದಲ್ಲಿ, ಹುಬ್ಬಳ್ಳಿಯಲ್ಲಿ ಮೂರು ಸಲ ಎಣಿಕೆಯಾದ. ಹುಬ್ಬಳ್ಳಿಯಲ್ಲಿ ಸತ್ತವರು ಧಾರವಾಡ ಜಿಲ್ಲೆಯ ಲೆಕ್ಕಕ್ಕೆ ಹೋದರು, ಕಚ್ಚಿದ ಊರು ಎಲ್ಲೂ ದಾಖಲಾಗಲಿಲ್ಲ. ಏನು ಕಚ್ಚಿತೆಂದು ತಿಳಿಯದವರೆಲ್ಲ "ಅಪರಿಚಿತ ಕಡಿತ" ಎಂಬ ಖಾನೆಗೆ ಬಿದ್ದರು, ಆ ಹುಡುಗನೂ ಸೇರಿ.

ಇದಕ್ಕೆ ಕಂಡುಕೊಂಡ ಉಪಾಯ ಸರಳ. ರೆಫರಲ್ ಚೀಟಿಯ ತಲೆಯ ಮೇಲೆ ಕೆಂಪು ಶಾಯಿಯಲ್ಲಿ "ತಾಲ್ಲೂಕಿನಲ್ಲಿ ವರದಿಯಾಗಿದೆ" ಎಂದು ಬರೆದು ಕ್ರಮಸಂಖ್ಯೆ, ಕಚ್ಚಿದ ಗ್ರಾಮ, ಕಚ್ಚಿದ ವೇಳೆ, ಕೊಟ್ಟ ವಯಲ್‌ಗಳ ಸಂಖ್ಯೆ ನಮೂದಿಸುವುದು. ಏಳನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಫಲಿತಾಂಶ ತಿಳಿಸುವುದು. ಮನೆಯಲ್ಲೇ ಆದ ಸಾವಿಗೆ ಇನ್ನೊಂದು ಮೂಲ ಸಿಕ್ಕಿತು. ರೈತರ ಸಾವಿನ ಪರಿಹಾರಕ್ಕೆ ಪೊಲೀಸ್ ದಾಖಲೆ, ಮರಣೋತ್ತರ ಪರೀಕ್ಷೆಯ ವರದಿ ಬೇಕಾಗುವುದರಿಂದ ಆ ಕಾಗದಗಳು ಕೃಷಿ ಮತ್ತು ಕಂದಾಯ ಕಚೇರಿಗಳಲ್ಲಿ ಇರುತ್ತವೆ. ತಿಂಗಳಿಗೊಮ್ಮೆ ಆ ಪಟ್ಟಿ ತರಿಸಿ ಆಸ್ಪತ್ರೆಯ ಪಟ್ಟಿಯ ಜತೆ ತಾಳೆ ನೋಡಿದರು. ಇದೇ ಪರಿಹಾರದ ದೆಸೆಯಿಂದ ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ವೈದ್ಯಕೀಯ ಕಾನೂನು ದಾಖಲೆ) ಬರೆಯುವ ಅವಸರವೂ ಇದೆ. ಬರೆಯಲೇಬೇಕು, ಆದರೆ ಎಎಸ್‌ವಿ ಹನಿಯತೊಡಗಿದ ಮೇಲೆ.

ಬಗೆಹರಿಯದೆ ಉಳಿದವು

ಒಂದು, ಔಷಧದ ಶಕ್ತಿ. ನಮ್ಮಲ್ಲಿ ಸಿಗುವ ಎಎಸ್‌ವಿ ನಾಗರ, ಕಟ್ಟುಹಾವು, ಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷದಿಂದ ತಯಾರಾದದ್ದು. ಆ ವಿಷದ ಬಹುಪಾಲು ಬರುವುದು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಹತ್ತು ವಯಲ್‌ಗೆ ಜಗ್ಗದ ರೋಗಿ ಕಂಡಾಗ ತಾಲ್ಲೂಕಿನ ವೈದ್ಯರು ಮಾಡಬಹುದಾದದ್ದು ಆರು ಗಂಟೆಗೆ ಪರೀಕ್ಷೆ ಮಾಡಿ ಮುಂದಿನ ಡೋಸ್ ಕೊಡುವುದು. ರಕ್ತಕ್ಕೆ ತಗಲುವ ವಿಷದಲ್ಲಿ ಒಟ್ಟು 30, ನರಕ್ಕೆ ತಗಲುವುದರಲ್ಲಿ 20 ವಯಲ್ ಎಂಬುದು ರಾಷ್ಟ್ರೀಯ ಮಾರ್ಗಸೂಚಿಯ ಮೇಲ್ಮಿತಿ. ಅಷ್ಟಕ್ಕೂ ಗುಣ ಕಾಣದಿದ್ದರೆ ಇನ್ನೂ ಸುರಿಯುವ ಬದಲು ಬೇರೆ ಕಾರಣ ಹುಡುಕಬೇಕು.

ಇನ್ನೊಂದು, ವರ್ಗಾವಣೆ. ಆಡಳಿತ ವೈದ್ಯಾಧಿಕಾರಿ ಹೋದರೆ ಅವರ ಸಹಿಯ ಹೊಣೆಯೂ ಹೋಗುತ್ತದೆ. ಇದನ್ನು ಅರಿತೇ ಅವರು ಆದೇಶವನ್ನು ಆರೋಗ್ಯ ರಕ್ಷಾ ಸಮಿತಿಯ ನಡವಳಿಯಲ್ಲಿ ಸೇರಿಸಿ, ಜಿಲ್ಲಾ ಆರೋಗ್ಯಾಧಿಕಾರಿಯಿಂದ ಜಿಲ್ಲೆಯ ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೆ ಸುತ್ತೋಲೆಯಾಗಿ ಹೊರಡಿಸಲು ಕೇಳಿಕೊಂಡರು. ಹೊಣೆಯ ಸಾಲು ಒಬ್ಬರ ಸಹಿಯ ಬದಲು ಹುದ್ದೆಗೆ ಅಂಟಿಕೊಂಡಿತು. ಕೊನೆಯ ಕ್ಷಣದಲ್ಲಿ ಆ ಸಾಲನ್ನೇ ಕೈಬಿಟ್ಟು ಸುತ್ತೋಲೆ ಹೊರಡಿಸುವ ಮಾತೂ ಕೇಳಿಬಂತು. ಹಾಗಾಗಿದ್ದರೆ ಉಳಿಯುತ್ತಿದ್ದದ್ದು ಗೋಡೆಯ ಮೇಲಿನ ಇನ್ನೊಂದು ಮಾರ್ಗಸೂಚಿ.

ಖಾಸಗಿ ನರ್ಸಿಂಗ್ ಹೋಮ್‌ಗಳು ವರದಿ ಕೊಡುವುದು ಇನ್ನೂ ಅರೆಬರೆ. ವರದಿ ಮಾಡಿದರೆ ಪೊಲೀಸ್ ಬರುತ್ತಾರೆ ಎಂಬ ಅಂಜಿಕೆ ಅಲ್ಲಿದೆ. ಸರ್ವೇಕ್ಷಣಾಧಿಕಾರಿಯ ನೋಟಿಸ್‌ಗಿಂತ ತಾಲ್ಲೂಕಿನ ವೈದ್ಯರ ಸಂಘದ ಸಭೆಯಲ್ಲಿ ಸಹೋದ್ಯೋಗಿಯೊಬ್ಬರು ಕೇಳಿದಾಗ ಹೆಚ್ಚು ಫಾರ್ಮ್ ಬಂದವು. ಬದುಕುಳಿದವರ ಲೆಕ್ಕವಂತೂ ಯಾವ ಫಾರ್ಮಿನಲ್ಲೂ ಸರಿಯಾಗಿ ಕೂರುವುದಿಲ್ಲ. ಶೇಂಗಾ ಹೊಲದ ಆ ಹೆಣ್ಣುಮಗಳ ರಕ್ತದಲ್ಲಿ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಅನ್ನು ಒಂದು ತಿಂಗಳಿಗೆ, ಮೂರು ತಿಂಗಳಿಗೆ ಮತ್ತೆ ನೋಡಬೇಕು, ಕಾಲಿನ ಗಾಯಕ್ಕೆ ಚರ್ಮ ಕಸಿ ಬೇಕಾದೀತು. ಪೋರ್ಟಲ್‌ನಲ್ಲಿ ಅವರ ಹೆಸರಿನ ಮುಂದೆ ಇರುವುದು "ಗುಣಮುಖ". ಮೂರು ತಿಂಗಳ ರಕ್ತಪರೀಕ್ಷೆಯ ದಿನಾಂಕವನ್ನು ಈಗ ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್ಕಿನ ಪುಸ್ತಕದಲ್ಲಿ, ಬಿಪಿ ಶುಗರ್ ರೋಗಿಗಳ ಹೆಸರುಗಳ ನಡುವೆ, ಬರೆದಿಡುತ್ತಿದ್ದಾರೆ.